ಯಾರನ್ನೂ ಹೊರಗೆ ನಿಲ್ಲಿಸದ ನಗೆ

ನಗೆಯ ವಿಷಯದಲ್ಲಿ ನಮ್ಮ ಪ್ರಾಚೀನರು ಬಹಳ ಲೆಕ್ಕಾಚಾರದವರು. ಭರತನ ನಾಟ್ಯಶಾಸ್ತ್ರ ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಸ್ಮಿತ ಮತ್ತು ಹಸಿತ ಉತ್ತಮ ಪ್ರಕೃತಿಯವರಿಗೆ, ವಿಹಸಿತ ಮತ್ತು ಉಪಹಸಿತ ಮಧ್ಯಮರಿಗೆ, ಅಪಹಸಿತ ಮತ್ತು ಅತಿಹಸಿತ ಅಧಮರಿಗೆ. ಹಲ್ಲು ಕಾಣದ ಮುಗುಳ್ನಗೆಯಿಂದ ಹಿಡಿದು ಪಕ್ಕೆ ಹಿಡಿದುಕೊಂಡು ಕಣ್ಣೀರು ಸುರಿಸುವ ನಗೆಯವರೆಗೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ತಾನೇ ನಕ್ಕರೆ ಆತ್ಮಸ್ಥ, ಇತರರನ್ನು ನಗಿಸಿದರೆ ಪರಸ್ಥ ಎಂಬ ಭೇದವೂ ಇದೆ. ನಗುವವನ ಕಣ್ಣು, ಕೆನ್ನೆ, ಧ್ವನಿ ಇವುಗಳಿಗೆಲ್ಲ ಹೀಗೆ ಲಕ್ಷಣ ಹೇಳಿಯಾಗಿದೆ. ಆದರೆ ಇಂದಿನ ಪ್ರೇಕ್ಷಕನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಏಳುವುದುಂಟು. ನಾವು ಯಾರನ್ನು ನೋಡಿ ನಗುತ್ತೇವೋ ಆ ಮನುಷ್ಯ, ನಗೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾನೆ? ಈ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ಯಾವ ಶಾಸ್ತ್ರಗ್ರಂಥದಲ್ಲೂ ಅಲ್ಲ, ಚಿತ್ರೀಕರಿಸಿಟ್ಟ ಒಂದು ವಿದೇಶಿ ಬ್ಯಾಲೆಯಲ್ಲಿ. ಅದರ ಗುಣದೋಷಗಳನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಬ್ಯಾಲೆಯ ಹೆಸರು ‘ಲಾ ಫೀಯ್ ಮಾಲ್ ಗಾರ್ದೆ’. ಫ್ರೆಂಚ್ ಭಾಷೆಯ ಈ ಹೆಸರಿಗೆ ‘ಸರಿಯಾಗಿ ಕಾವಲು ಕಾಯದ ಮಗಳು’ ಎಂದು ಅರ್ಥ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಝಾನ್ ದೊಬರ್ವಾಲ್ ಎಂಬ ನೃತ್ಯಸಂಯೋಜಕ ಇದನ್ನು ಮೊದಲು ರಂಗಕ್ಕೆ ತಂದದ್ದು 1789ರ ಜುಲೈ 1ರಂದು. ಅದಾಗಿ ಎರಡು ವಾರ ತುಂಬುವ ಮೊದಲೇ, ಜುಲೈ 14ರಂದು, ಪ್ಯಾರಿಸಿನ ಬಾಸ್ಟಿಲ್ ಸೆರೆಮನೆ ಉರುಳಿತು. ಅಲ್ಲಿಯವರೆಗಿನ ಬ್ಯಾಲೆಗಳಲ್ಲಿ ಹೆಚ್ಚಾಗಿ ದೇವತೆಗಳು, ಅಪ್ಸರೆಯರು, ರಾಜಕುಮಾರರು ಕುಣಿಯುತ್ತಿದ್ದರು. ಇದರಲ್ಲಿ ಕುಣಿದವರು ರೈತರು, ಕೊಯ್ಲಿನ ಆಳುಗಳು, ಮಗಳ ಮದುವೆಯ ಚಿಂತೆಯಲ್ಲಿರುವ ಒಬ್ಬ ವಿಧವೆ. ಇಷ್ಟು ಹಳೆಯ ಬ್ಯಾಲೆಗಳ ಪೈಕಿ ಇಂದಿಗೂ ರಂಗದ ಮೇಲೆ ಉಸಿರಾಡುತ್ತಿರುವವು ಬಹಳ ಕಡಿಮೆ. ದೊಬರ್ವಾಲನ ಹೆಜ್ಜೆಗಳು ಹಾಗೆಯೇ ಉಳಿದಿಲ್ಲ, ಉಳಿದಿರುವುದು ಕಥೆ. ಬೇರೆ ಬೇರೆ ಕಾಲದವರು ಆ ಕಥೆಗೆ ತಮ್ಮ ತಮ್ಮ ಹೆಜ್ಜೆಗಳನ್ನು ತೊಡಿಸುತ್ತ ಬಂದಿದ್ದಾರೆ.

ನಾವು ನೋಡಿದ್ದು ಇಂಗ್ಲೆಂಡಿನ ಫ್ರೆಡರಿಕ್ ಆಷ್ಟನ್ ಹೊಸದಾಗಿ ಸಂಯೋಜಿಸಿದ ರೂಪವನ್ನು. ಲಂಡನ್ನಿನ ರಾಯಲ್ ಆಪೆರಾ ಹೌಸಿನಲ್ಲಿ 1960ರ ಜನವರಿ 28ರಂದು ಅದು ಮೊದಲು ಪ್ರದರ್ಶಿತವಾಯಿತು. ಆಷ್ಟನ್ ಇಂಗ್ಲಿಷರವನಾದರೂ ಹುಟ್ಟಿದ್ದು 1904ರಲ್ಲಿ ದಕ್ಷಿಣ ಅಮೆರಿಕದ ಎಕ್ವಡಾರಿನಲ್ಲಿ, ಬೆಳೆದದ್ದು ಪೆರು ದೇಶದ ಲಿಮಾ ನಗರದಲ್ಲಿ. ಅಲ್ಲಿಯೇ 1917ರಲ್ಲಿ ಅನ್ನಾ ಪಾವ್ಲೋವಾಳ ನೃತ್ಯವನ್ನು ಕಂಡು, ತಾನೂ ನರ್ತಕನಾಗಬೇಕೆಂದು ಆ ಹುಡುಗ ನಿಶ್ಚಯಿಸಿದ. ಮುಂದೆ 1923ರಲ್ಲಿ ನಮ್ಮ ಉದಯಶಂಕರರನ್ನು ತನ್ನೊಡನೆ ರಾಧಾಕೃಷ್ಣರ ನೃತ್ಯದಲ್ಲಿ ಕುಣಿಸಿದವಳೂ ಇದೇ ಪಾವ್ಲೋವಾ. ಹೊರನಾಡಿನಲ್ಲಿ ಬಾಲ್ಯ ಕಳೆದ ಆಷ್ಟನ್ ಈ ಬ್ಯಾಲೆಯಲ್ಲಿ ಕಟ್ಟಿದ್ದು ಯಾವ ಭೂಪಟದಲ್ಲಿಯೂ ಇರುವ ಹಳ್ಳಿಯಲ್ಲ. ವಸಂತ ಎಂದೂ ಮುಗಿಯದ, ಬಿಸಿಲು ಎಂದೂ ಸುಡದ, ಜೇನ್ನೊಣಗಳ ಗುಂಯ್‌ಗುಟ್ಟುವಿಕೆ ತುಂಬಿದ ಒಂದು ಕಲ್ಪನೆಯ ಹಳ್ಳಿ ತನ್ನ ಮನಸ್ಸಿನಲ್ಲಿತ್ತೆಂಬರ್ಥದ ಮಾತನ್ನು ಆತನೇ ಬರೆದಿದ್ದಾನೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದು ಹೊಸತೇನಲ್ಲ. ನಾವು ನೆನೆಯುವ ಊರಿನಲ್ಲಿಯೂ ತೋಡು ವರ್ಷವಿಡೀ ಹರಿಯುತ್ತದೆ, ಮಾವಿನ ಮರ ಪ್ರತಿ ಸಲವೂ ಕಾಯಿ ಬಿಡುತ್ತದೆ, ದಾಯಾದಿಗಳ ವ್ಯಾಜ್ಯ ಮಾತ್ರ ನೆನಪಿಗೆ ಬರುವುದಿಲ್ಲ.

ಸಂಗೀತ 1828ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಫರ್ಡಿನಾಂಡ್ ಹೆರಾಲ್ಡ್ ಸಿದ್ಧಪಡಿಸಿದ್ದು. ಅದನ್ನು ತಿದ್ದಿ, ತೀಡಿ, ಬೇರೆಯವರ ತುಣುಕುಗಳನ್ನೂ ಹೊಂದಿಸಿ ಕೊಟ್ಟವನು ಜಾನ್ ಲಾಂಚ್‌ಬರಿ. ರಂಗದ ಪರದೆಗಳನ್ನೂ ಉಡುಪುಗಳನ್ನೂ ಚಿತ್ರಿಸಿದವನು ಆಸ್ಬರ್ಟ್ ಲಂಕಾಸ್ಟರ್. ಈತ ಲಂಡನ್ನಿನ ದಿನಪತ್ರಿಕೆಯೊಂದರಲ್ಲಿ ಪುಟ್ಟ ವ್ಯಂಗ್ಯಚಿತ್ರಗಳನ್ನು ಬರೆದು ಹೆಸರಾದವನು. ಮೈಸೂರಿನಿಂದ ಮುಂಬಯಿಗೆ ಬಂದ ನಮ್ಮ ಆರ್.ಕೆ. ಲಕ್ಷ್ಮಣರನ್ನು ಕರೆದು ಒಂದು ನಾಟಕದ ಇಡೀ ರಂಗಸಜ್ಜಿಕೆಯನ್ನು ಒಪ್ಪಿಸಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿಕೊಳ್ಳಿ. ಪರದೆ ಏಳುವ ಮೊದಲೇ ಪ್ರೇಕ್ಷಕನ ತುಟಿಯಂಚಿನಲ್ಲಿ ಭರತನ ‘ಸ್ಮಿತ’ ಬಂದು ಕುಳಿತಿರುತ್ತದೆ.

ಈ ಬ್ಯಾಲೆಯನ್ನು ಒಂದಕ್ಕಿಂತ ಹೆಚ್ಚು ಸಲ ಚಿತ್ರೀಕರಿಸಲಾಗಿದೆ. ನಮ್ಮ ಕೈಗೆ ಸಿಕ್ಕಿದ್ದು 2005ರಲ್ಲಿ ರಾಯಲ್ ಆಪೆರಾ ಹೌಸಿನ ಪ್ರದರ್ಶನದಲ್ಲಿ ಪ್ರೇಕ್ಷಕರ ಎದುರಿಗೇ ತೆಗೆದ ಡಿವಿಡಿ. ಮಗಳು ಲೀಸ್ ಆಗಿ ಮರಿಯನೆಲಾ ನೂನ್ಯೆಸ್, ಅವಳ ಪ್ರಿಯಕರ ಕೊಲಾಸ್ ಆಗಿ ಕಾರ್ಲೋಸ್ ಅಕೋಸ್ಟಾ, ತಾಯಿ ಸಿಮೋನ್ ಆಗಿ ವಿಲಿಯಂ ಟಕೆಟ್, ಶ್ರೀಮಂತನ ಪೆದ್ದು ಮಗ ಅಲೇನ್ ಆಗಿ ಜೋನಥನ್ ಹೌವೆಲ್ಸ್. ನೂನ್ಯೆಸ್ ಅರ್ಜೆಂಟೀನದ ಬ್ಯುನೋಸ್ ಐರಿಸಿನವಳು. ಅಕೋಸ್ಟಾ ಕ್ಯೂಬಾದ ಹವಾನಾ ನಗರದ ಲಾರಿ ಚಾಲಕನೊಬ್ಬನ ಮಗ. ಬಾಲ್ಯದಲ್ಲಿ ಫುಟ್ಬಾಲ್ ಆಟಗಾರನಾಗಬೇಕೆಂದಿದ್ದವನು. ಫ್ರಾನ್ಸಿನ ಕಥೆ, ಪೆರುವಿನಲ್ಲಿ ಬೆಳೆದ ಸಂಯೋಜಕ, ಅರ್ಜೆಂಟೀನದ ನಾಯಿಕೆ, ಕ್ಯೂಬಾದ ನಾಯಕ. ಎಲ್ಲರೂ ಸೇರಿ ಇಂಗ್ಲೆಂಡಿನ ಹಳ್ಳಿಯೊಂದನ್ನು ಕಟ್ಟಿದ್ದಾರೆ, ಮತ್ತು ಆ ಹಳ್ಳಿ ನಂಬುವಂತಿದೆ. ಊರು ಎಂಬುದು ಹುಟ್ಟಿದವರಿಗಷ್ಟೇ ಸೇರಿದ್ದಲ್ಲ, ಮನಸ್ಸಿಟ್ಟು ಕಟ್ಟಿದವರಿಗೂ ಸೇರಿದ್ದು ಎಂಬ ಮಾತು ಹೊರನಾಡ ಕನ್ನಡಿಗರಿಗೆ ಸಮಾಧಾನ ತರತಕ್ಕದ್ದೇ.

ಬ್ಯಾಲೆ ಎಂದೊಡನೆ ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಅದು ಇಂಗ್ಲಿಷ್ ಬಲ್ಲವರದು, ದೊಡ್ಡವರದು, ಅರ್ಥವಾಗುವ ಬಾಬತ್ತಲ್ಲ ಎಂಬ ಅಳುಕು. ನೆರೂಳದ ನಮ್ಮ ಮನೆಯಲ್ಲಿಯೂ ಆ ಅಳುಕು ಇತ್ತು. ನಮ್ಮ ತಾಯಿಯವರು ಕುಂದಾಪುರದ ಕಡೆಯವರು; ಯಕ್ಷಗಾನ ನೋಡಿ ಬೆಳೆದವರು. ಮಗಳು ಜೂನಿಯರ್ ಕಾಲೇಜಿನವಳು. ಅವಳ ಕನ್ನಡ ಮನೆಯ ಬಾಗಿಲು ದಾಟುವುದಿಲ್ಲ. ಅಜ್ಜಿಯ ಹಾಸ್ಯ ಮೊಮ್ಮಗಳಿಗೆ ತಿಳಿಯುವುದಿಲ್ಲ, ಮೊಮ್ಮಗಳ ಹಾಸ್ಯ ಅಜ್ಜಿಗೆ ತಿಳಿಯುವುದಿಲ್ಲ. ಮಹಾನಗರದ ಕನ್ನಡ ಮನೆಗಳಲ್ಲಿ ಭಾಷೆ ತೆಳುವಾಗುವಾಗ ಮೊದಲು ಮಾಯವಾಗುವುದು ಗಾದೆಯೂ ಅಲ್ಲ, ಹಾಡೂ ಅಲ್ಲ. ಕೂಡಿ ನಗುವ ಮಾತು. ಹೀಗಿರುವಾಗ ಒಂದು ಭಾನುವಾರ ಈ ಚಿತ್ರವನ್ನು ಹಾಕಿದೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಾಯಿಯವರು ಕೇಳಿದರು: “ಆ ಹೆಂಗಸಿನ ವೇಷದವ ಯಾವ ಮೇಳದವ?”

ಈ ಪ್ರಶ್ನೆಗಿಂತ ಉತ್ತಮವಾದ ಪೀಠಿಕೆಯನ್ನು ಯಾವ ವಿಮರ್ಶಕನೂ ಬರೆಯಲಾರ. ತಾಯಿ ಸಿಮೋನಳ ಪಾತ್ರವನ್ನು ಮಾಡುವವನು ಗಂಡಸು. ಇದು ಈ ಬ್ಯಾಲೆಯ ಹಳೆಯ ಸಂಪ್ರದಾಯ. ನಮ್ಮ ಯಕ್ಷಗಾನದ ಸ್ತ್ರೀವೇಷಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕೋಳ್ಯೂರು ರಾಮಚಂದ್ರ ರಾಯರಂಥವರ ಸ್ತ್ರೀವೇಷವನ್ನು ಕಂಡವರು ಗಂಡಸೆಂಬುದನ್ನೇ ಮರೆಯುತ್ತಿದ್ದರು. ಮರೆಸುವುದೇ ಆ ಕಲೆಯ ಗುರಿ. ಸಿಮೋನಳನ್ನು ನೋಡುವಾಗ ಮರೆಯುವುದೂ ಇಲ್ಲ, ಮರೆಯಬೇಕಾಗಿಯೂ ಇಲ್ಲ. ನಮ್ಮ ಮಂಥರೆಯನ್ನು ಹಾಸ್ಯಗಾರನೇ ಮಾಡುವಾಗ ಯಾವ ಬಗೆಯ ರಸ ಹುಟ್ಟುತ್ತದೆಯೋ ಅದಕ್ಕೆ ಇದು ಸಮೀಪ. ಆದರೆ ಮಂಥರೆಯಲ್ಲಿರುವ ವಿಷ ಇವಳಲ್ಲಿಲ್ಲ.

ಕಥೆ ಇಷ್ಟೇ. ಸಿಮೋನ್ ಅನುಕೂಲಸ್ಥ ವಿಧವೆ, ಹೊಲಮನೆಯ ಒಡತಿ. ಲೀಸ್ ಅವಳ ಒಬ್ಬಳೇ ಮಗಳು. ಮಗಳ ಮನಸ್ಸು ಕೊಲಾಸ್ ಎಂಬ ಬಡ ರೈತನ ಮೇಲೆ. ತಾಯಿಯ ಕಣ್ಣು ದ್ರಾಕ್ಷಿತೋಟದ ಧಣಿ ತೋಮಾಸನ ಆಸ್ತಿಯ ಮೇಲೆ. ತೋಮಾಸನ ಮಗ ಅಲೇನ್ ಬುದ್ಧಿ ಬೆಳೆಯದ ಹುಡುಗ. ಅವನಿಗೆ ಲೀಸಳಿಗಿಂತ ತನ್ನ ಕೆಂಪು ಕೊಡೆಯ ಮೇಲೆ ಹೆಚ್ಚು ಮಮತೆ. ಬೆಳಗಾಗುತ್ತದೆ, ಹುಂಜವೊಂದು ನಾಲ್ಕು ಹೇಂಟೆಗಳೊಡನೆ ಎದ್ದು ಕುಣಿಯುತ್ತದೆ. ತಾಯಿ ಕೊಲಾಸನನ್ನು ಅಟ್ಟುತ್ತಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾಳೆ, ಮಗಳನ್ನು ಬೆಣ್ಣೆ ಕಡೆಯಲು ಕೂರಿಸುತ್ತಾಳೆ. ತಾಯಿ ಬೆನ್ನು ತಿರುಗಿಸಿದೊಡನೆ ಕೊಲಾಸ್ ಹಾಜರು. ಅಷ್ಟರಲ್ಲಿ ತೋಮಾಸ್ ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬರುತ್ತಾನೆ. ಎಲ್ಲರೂ ಕುದುರೆಗಾಡಿಯಲ್ಲಿ ಕೊಯ್ಲಿನ ಹೊಲಕ್ಕೆ ಹೋಗುತ್ತಾರೆ. ಗಾಡಿ ಎಳೆಯಲು ರಂಗದ ಮೇಲೆ ನಿಜವಾದ ಕುದುರೆಮರಿಯೇ ಬರುತ್ತದೆ! ಹೊಲದಲ್ಲಿ ಕುಣಿತವೋ ಕುಣಿತ. ಕೊನೆಗೆ ಗುಡುಗು ಮಳೆ ಬಂದು ಎಲ್ಲರನ್ನೂ ಚದುರಿಸುತ್ತದೆ. ಅಲೇನನನ್ನು ಅವನ ಕೊಡೆ ಗಾಳಿಗೆ ಎತ್ತಿಕೊಂಡು ಹೋಗುತ್ತದೆ.

ಇಡೀ ಮೊದಲ ಅಂಕದಲ್ಲಿ ಒಂದು ವಸ್ತು ಮತ್ತೆ ಮತ್ತೆ ಬರುತ್ತದೆ: ರಿಬ್ಬನ್ನು. ಲೀಸ್ ಅದನ್ನು ಗಂಟು ಹಾಕಿ ಪ್ರಿಯಕರನಿಗಾಗಿ ಬಿಟ್ಟು ಹೋಗುತ್ತಾಳೆ. ಕೊಲಾಸ್ ತನ್ನ ಕೋಲಿಗೆ ಕಟ್ಟಿಕೊಳ್ಳುತ್ತಾನೆ. ಇಬ್ಬರೂ ಅದರಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು, ಅದನ್ನೇ ಲಗಾಮು ಮಾಡಿಕೊಂಡು ಕುದುರೆಯಾಟ ಆಡುತ್ತಾರೆ. ಹೊಲದ ದೃಶ್ಯದಲ್ಲಿ ಒಂದು ಭಾಗ ವಿಶೇಷವಾಗಿ ಗಮನಿಸತಕ್ಕದ್ದು. ಲೀಸ್ ಒಂದೇ ಕಾಲಿನ ಬೆರಳ ತುದಿಯ ಮೇಲೆ ನಿಂತು ಹಲವು ರಿಬ್ಬನ್ನುಗಳ ತುದಿಗಳನ್ನು ಒಟ್ಟಾಗಿ ಹಿಡಿಯುತ್ತಾಳೆ. ಇನ್ನೊಂದು ತುದಿಗಳನ್ನು ಹಿಡಿದ ಗೆಳತಿಯರು ಸುತ್ತಲೂ ಸಾಗುತ್ತಾರೆ. ಅವಳು ಗಾಡಿಯ ಚಕ್ರದ ಗುಂಬದಂತೆ ನಿಂತಲ್ಲೇ ತಿರುಗುತ್ತಾಳೆ. ನಾವು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಾದ್ದರಿಂದ ಇದರ ಲೆಕ್ಕ ಮನಸ್ಸಿಗೆ ಬಾರದೆ ಹೋಗಲಿಲ್ಲ. ನೆಲಕ್ಕೆ ತಾಗಿರುವ ಜಾಗ ಒಂದು ನಾಣ್ಯಕ್ಕಿಂತ ಎಷ್ಟೋ ದೊಡ್ಡದಲ್ಲ; ದೇಹದ ಗುರುತ್ವಕೇಂದ್ರ ಅದರ ನೇರ ಮೇಲೆಯೇ ಇರಬೇಕು. ಸುತ್ತಲಿನ ಎಳೆತಗಳು ಒಂದನ್ನೊಂದು ಸರಿದೂಗಿಸಿದರೆ ಮಾತ್ರ ಅವಳು ನಿಲ್ಲುತ್ತಾಳೆ. ಒಬ್ಬ ಗೆಳತಿ ತುಸು ಜೋರಾಗಿ ಜಗ್ಗಿದರೂ, ಒಬ್ಬಳು ತುಸು ಸಡಿಲ ಬಿಟ್ಟರೂ ಸಮತೋಲ ತಪ್ಪುತ್ತದೆ. ನೋಡುವವರು ಚಪ್ಪಾಳೆ ತಟ್ಟುವುದು ನಡುವಿನ ನಾಯಿಕೆಗೆ. ಅವಳನ್ನು ನಿಲ್ಲಿಸಿರುವುದು ಹೆಸರಿಲ್ಲದ ಗೆಳತಿಯರ ಕೈಗಳ ಹದ. ಇಷ್ಟು ಕಠಿಣವಾದದ್ದನ್ನು ನೂನ್ಯೆಸ್ ಹುಡುಗಾಟವೆಂಬಂತೆ ತೋರಿಸುತ್ತಾಳೆ.

ಸಿಮೋನಳ ಕುಣಿತಕ್ಕೆ ಬರೋಣ. ಮರದ ಅಟ್ಟೆಯ ಪಾದರಕ್ಷೆ ತೊಟ್ಟು ಕುಟ್ಟುತ್ತ ಕುಣಿಯುವುದು ಇಂಗ್ಲೆಂಡಿನ ಲಂಕಾಶೈರ್ ಭಾಗದ ದುಡಿಯುವ ಜನರ ರೂಢಿ. ಆಷ್ಟನ್ ಅದನ್ನು ಈ ವಿಧವೆಯ ಕಾಲಿಗೆ ತೊಡಿಸಿದ್ದಾನೆ. ಅದಕ್ಕೆ ಬಳಸಿದ ಮಟ್ಟು ಹೆರಾಲ್ಡನದಲ್ಲ. ಇದೇ ಕಥೆಗೆ ಬರ್ಲಿನ್ನಿನಲ್ಲಿ ಸಂಗೀತ ಕೂಡಿಸಿದ್ದ ಹೆರ್ಟೆಲ್ ಎಂಬಾತನದು. ಮಗಳ ಗೆಳತಿಯರು ಪಾದರಕ್ಷೆಯನ್ನು ಮುಂದೆ ಹಿಡಿದು ಆಸೆ ತೋರಿಸುತ್ತಾರೆ. ‘ಛೆ ಛೆ, ನನ್ನ ವಯಸ್ಸೇನು’ ಎಂಬಂತೆ ಮುಖ ಮಾಡುತ್ತಲೇ ಅವಳು ಕಾಲು ತೂರಿಸುತ್ತಾಳೆ. ಮೊದಲು ಬಿಗುಮಾನ, ಆಮೇಲೆ ಹುರುಪು, ಆಮೇಲೆ ಊರೇ ನೋಡುತ್ತಿದೆಯೆಂಬ ಪರಿವೆಯೂ ಇಲ್ಲದ ಸಂತೋಷ. ಮೊಣಕಾಲು ನೋವಿನ ನಮ್ಮ ತಾಯಿಯವರು ಇಲ್ಲಿ ಕುಳಿತಲ್ಲಿಯೇ ಹಿಮ್ಮಡಿಯಲ್ಲಿ ತಾಳ ಹಾಕಿದರು. ತಾಯಿಯನ್ನು ಬರಿಯ ಕಾವಲುಗಾತಿಯನ್ನಾಗಿ ತೋರಿಸಿದ್ದರೆ ನಾವು ಅವಳ ಮೇಲೆ ನಗುತ್ತಿದ್ದೆವು. ಅವಳೊಳಗೂ ಒಬ್ಬ ಹುಡುಗಿ ಉಳಿದಿದ್ದಾಳೆಂದು ತೋರಿಸಿದ್ದರಿಂದ ಅವಳ ಜೊತೆಗೆ ನಗುತ್ತೇವೆ. ‘ಮೇಲೆ’ ಮತ್ತು ‘ಜೊತೆಗೆ’ ಎಂಬ ಈ ಎರಡು ಮಾತುಗಳ ನಡುವಿನ ಅಂತರವೇ ಆಷ್ಟನ್ನನ ಹಾಸ್ಯದ ಮರ್ಮ.

ಎರಡನೆಯ ಅಂಕ ಮನೆಯೊಳಗೆ ನಡೆಯುತ್ತದೆ. ತಾಯಿ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಾಳೆ. ನಿದ್ದೆ ಬಾರದಿರಲೆಂದು ಖಂಜಿರದಂಥ ವಾದ್ಯವನ್ನು ಬಡಿಯುತ್ತಾಳೆ. ಮಗಳು ಆ ತಾಳಕ್ಕೆ ಕುಣಿಯುತ್ತ ತಾಯಿಯ ಕಣ್ಣು ಮುಚ್ಚುವುದನ್ನೇ ಕಾಯುತ್ತಾಳೆ. ಕೊಯ್ಲಿನ ಆಳುಗಳು ಪೈರಿನ ಹೊರೆಗಳನ್ನು ತಂದು ಒಳಗೆ ಒಟ್ಟುತ್ತಾರೆ. ತಾಯಿ ಹೊರಗೆ ಹೋಗುವಾಗ ಮಗಳನ್ನು ಕೂಡಿ ಹಾಕಿ ಹೋಗುತ್ತಾಳೆ. ಒಬ್ಬಳೇ ಉಳಿದೆನೆಂದು ತಿಳಿದ ಲೀಸ್ ತನ್ನ ಮದುವೆಯನ್ನು, ಮುಂದೆ ಹುಟ್ಟುವ ಮಕ್ಕಳನ್ನು ಕಲ್ಪಿಸಿಕೊಂಡು ಮೂಕಾಭಿನಯದಲ್ಲಿ ಆಡುತ್ತಾಳೆ. ಒಂದು ಮಗು, ಎರಡು, ಮೂರು. ಒಂದಕ್ಕೆ ಪಾಠ, ಒಂದಕ್ಕೆ ಪೆಟ್ಟು, ಒಂದಕ್ಕೆ ತೊಟ್ಟಿಲು. ಆಗ ಹೊರೆಗಳ ಒಳಗಿಂದ ಕೊಲಾಸ್ ಎದ್ದು ನಿಲ್ಲುತ್ತಾನೆ! ಎಲ್ಲವನ್ನೂ ಅವನು ನೋಡಿದ್ದಾನೆ. ಅವಳ ನಾಚಿಕೆಯ ಆ ಗಳಿಗೆ ಈ ಬ್ಯಾಲೆಯ ಅತ್ಯಂತ ಕೋಮಲವಾದ ಗಳಿಗೆ.

ಈ ಮೂಕಾಭಿನಯಕ್ಕೆ ಒಂದು ಇತಿಹಾಸವಿದೆ. ರಷ್ಯದಲ್ಲಿ ಈ ಪಾತ್ರವನ್ನು ಮಾಡಿದ್ದ ತಮಾರಾ ಕರ್ಸಾವಿನಾ ವೃದ್ಧಾಪ್ಯದಲ್ಲಿ ಲಂಡನ್ನಿನಲ್ಲಿದ್ದಳು. ಅಲ್ಲಿಯ ಪದ್ಧತಿಯ ಅಭಿನಯವನ್ನು ಆಷ್ಟನ್ನನಿಗೆ ಹೇಳಿಕೊಟ್ಟವಳು ಅವಳೇ. ಬಾಯಿಂದ ಬಾಯಿಗೆ ಎನ್ನುವಂತೆ ಕೈಯಿಂದ ಕೈಗೆ ಬಂದ ವಿದ್ಯೆ ಇದು. ನಮ್ಮ ನೃತ್ಯದಲ್ಲಿ ಒಂದೇ ಸಾಲನ್ನು ಹಿಡಿದು ಹತ್ತು ಸಂಚಾರಿಗಳನ್ನು ಬೆಳೆಸುವ ಅಭಿನಯವನ್ನು ಬಲ್ಲವರಿಗೆ ಇದು ಪರಕೀಯವೆನಿಸುವುದಿಲ್ಲ. ಭಾಷೆ ಇಲ್ಲದಿರುವುದರಿಂದ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಒಂದೇ ಕ್ಷಣದಲ್ಲಿ ನಕ್ಕರು. ನಕ್ಕ ಕಾರಣಗಳು ಬೇರೆ ಬೇರೆ ಇದ್ದಿರಬಹುದು. ಮಗಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ನೆರೂಳ ನಿಲ್ದಾಣದಿಂದ ಮನೆಯವರೆಗೆ ಫೋನಿನ ಮೇಲೆ ಫೋನು ಮಾಡುವ ತಾಯಂದಿರು ನಮ್ಮ ಕಟ್ಟಡದಲ್ಲಿ ಒಬ್ಬಿಬ್ಬರಲ್ಲ. ಊರಿನಿಂದ ಜಾತಕ ತರಿಸಿ, ಹುಡುಗನ ಮನೆಯ ತೋಟದ ಎಕರೆಗಳನ್ನು ಎಣಿಸುವ ರೂಢಿಯೂ ಹೋಗಿಲ್ಲ. ಬೀಗದ ರೂಪ ಬದಲಾಗಿದೆ; ಕೀಲಿಕೈ ಹಿಡಿದ ಪ್ರೀತಿ ಬದಲಾಗಿಲ್ಲ. ನಮ್ಮ ಮನೆಯಾಕೆ ಮಾತ್ರ ನಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ತಾಯಿ ಮರಳುವ ಸದ್ದಾಗುತ್ತದೆ. ಲೀಸ್ ಗಾಬರಿಯಲ್ಲಿ ಕೊಲಾಸನನ್ನು ತನ್ನ ಕೋಣೆಗೇ ದೂಡುತ್ತಾಳೆ. ಸಂಶಯಗೊಂಡ ತಾಯಿ ಮಗಳನ್ನೂ ಅದೇ ಕೋಣೆಯಲ್ಲಿ ಕೂಡಿ ಹಾಕಿ ಬೀಗ ಹಾಕುತ್ತಾಳೆ. ಕಾವಲು ಬಿಗಿಯಾದಷ್ಟೂ ಕಳ್ಳನಿಗೇ ಅನುಕೂಲವಾಗುವ ಈ ಪ್ರಸಂಗ ಕೈಲಾಸಂ ಅವರಿಗೆ ಮೆಚ್ಚುಗೆಯಾಗುವಂಥದು. ತೋಮಾಸ್, ಅಲೇನ್, ಕರಾರುಪತ್ರ ಹಿಡಿದ ನೋಟರಿ ಎಲ್ಲರೂ ಬರುತ್ತಾರೆ. ದಿನವಿಡೀ ಕಡತಗಳ ನಡುವೆ ಇರುವ ನಮ್ಮಂಥ ಗುಮಾಸ್ತರಿಗೆ ಆ ನೋಟರಿಯ ಗಂಭೀರ ಮುಖವನ್ನು ಕಂಡಾಗ ಬಂಧುವನ್ನು ಕಂಡಂತಾಗುತ್ತದೆ. ವಧುವನ್ನು ಕರೆತರಲು ಕೀಲಿಕೈಯನ್ನು ಅಲೇನನ ಕೈಗೆ ಕೊಡುತ್ತಾರೆ. ಬಾಗಿಲು ತೆರೆದರೆ ಒಳಗೆ ಲೀಸ್ ಮತ್ತು ಕೊಲಾಸ್. ತೋಮಾಸ್ ಸಿಟ್ಟಿನಿಂದ ಕರಾರುಪತ್ರವನ್ನು ಹರಿದು ಹಾಕುತ್ತಾನೆ. ನೋಟರಿಯೂ ಊರವರೂ ಪ್ರೇಮಿಗಳ ಪರ ನಿಲ್ಲುತ್ತಾರೆ. ತಾಯಿ ಮನಸ್ಸು ಕರಗಿ ಒಪ್ಪುತ್ತಾಳೆ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಸೊಗಸಾದ ಮನೋರಂಜನೆ, ಅಷ್ಟೆ. ಅಲೇನನ ಪ್ರಶ್ನೆ ಉಳಿದುಕೊಳ್ಳುತ್ತಿತ್ತು. ಅವನ ವಿಷಯದಲ್ಲಿ ಮೊದಲ ಅಂಕದುದ್ದಕ್ಕೂ ನಮಗೆ ಒಂದು ಕಸಿವಿಸಿ ಇತ್ತೆಂಬುದನ್ನು ಹೇಳಲೇಬೇಕು. ಕೊಡೆಯನ್ನೇ ಕೋಲುಕುದುರೆ ಮಾಡಿಕೊಂಡು ಬರುವ ಈ ಹುಡುಗನನ್ನು ಊರ ಯುವಕರು ಗೇಲಿ ಮಾಡುತ್ತಾರೆ, ಹುಡುಗಿಯರು ನಗುತ್ತಾರೆ, ಅಪ್ಪ ಎಳೆದಾಡುತ್ತಾನೆ. ಮದುವೆ ಬೇಕೆ ಎಂದು ಲೀಸಳನ್ನು ಯಾರೂ ಕೇಳಲಿಲ್ಲ ನಿಜ. ಅಲೇನನನ್ನು ಸಹ ಯಾರೂ ಕೇಳಲಿಲ್ಲ. ಲೀಸಳಿಗೆ ಅಳಲು, ಹಟ ಹಿಡಿಯಲು, ಕೀಲಿಕೈ ಕದಿಯಲು ಬರುತ್ತದೆ. ಇವನಿಗೆ ಅದೂ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಈ ಮಹಾನಗರದ ಒಂದು ಸಭಾಗೃಹದಲ್ಲಿ ನಾವು ಒಂದು ಪ್ರಹಸನವನ್ನು ನೋಡಿದೆವು. ತೊದಲುವ ಅಳಿಯನೊಬ್ಬನ ಸುತ್ತ ಹೆಣೆದ ಕಥೆ. ಪ್ರತಿ ತೊದಲಿಗೂ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಪಕ್ಕದಲ್ಲಿದ್ದ ಹದಿಹರೆಯದ ಮಗನ ಕೈ ಹಿಡಿದು ಸದ್ದಿಲ್ಲದೆ ಎದ್ದು ಹೊರಟರು. ಆ ಹುಡುಗನ ಮಾತು ನಾವು ಕೇಳಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಪ್ರಹಸನಕ್ಕೆ ಬಹುಮಾನ ಬಂತು. ನಮ್ಮ ಸಂಘಸಂಸ್ಥೆಗಳ ರಂಗದ ಮೇಲೆ ಕಪ್ಪು ಮೈಯವನು, ಕುಳ್ಳನು, ಕಿವುಡನು, ಹಳ್ಳಿಯಿಂದ ಹೊಸದಾಗಿ ಬಂದವನು ಎಷ್ಟು ಸಲ ನಗೆಗೆ ಉರುವಲಾಗಿದ್ದಾರೋ ಲೆಕ್ಕವಿಲ್ಲ. ವಾಸ್ತವವಾಗಿ ಯಕ್ಷಗಾನದ ಪರಂಪರೆ ಇದಕ್ಕಿಂತ ವಿವೇಕದ್ದು. ಅಲ್ಲಿ ಹಾಸ್ಯಗಾರನೆಂದರೆ ಎಲ್ಲ ಪಾತ್ರಗಳ ಮರ್ಮ ಬಲ್ಲವನು. ಕಂಸವಧೆಯ ರಜಕನಾಗಲಿ, ನಳ ಚರಿತ್ರೆಯ ಬಾಹುಕನಾಗಲಿ ನಗಿಸುತ್ತಲೇ ದೊಡ್ಡವರ ಮುಖಕ್ಕೆ ಕನ್ನಡಿ ಹಿಡಿಯುತ್ತಾರೆ. ಬಾಹುಕನ ಕುರೂಪವನ್ನು ಕಂಡು ನಕ್ಕವರು, ಒಳಗಿರುವವನು ನಳನೆಂದು ತಿಳಿದೇ ನಕ್ಕಿರುತ್ತಾರೆ.

ಅಲೇನನ ಒಳಗೆ ಯಾವ ನಳಮಹಾರಾಜನೂ ಇಲ್ಲ. ಅವನು ಅವನೇ. ಅದಕ್ಕಾಗಿಯೇ ಆಷ್ಟನ್ ಅವನಿಗೆ ಕೊಟ್ಟ ಕೊನೆಯ ಗಳಿಗೆ ದೊಡ್ಡದು. ಮದುವೆ ನಿಶ್ಚಯವಾಗಿ ಎಲ್ಲರೂ ಕುಣಿಯುತ್ತ ಮನೆಯಿಂದ ಹೊರಟುಹೋಗುತ್ತಾರೆ. ರಂಗ ಬರಿದಾಗುತ್ತದೆ. ನಾಟಕ ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಕಿಟಕಿಯಿಂದ ಅಲೇನ್ ಮೆಲ್ಲನೆ ಒಳಗೆ ಇಳಿಯುತ್ತಾನೆ. ಏಕೆ? ಸೇಡಿಗಲ್ಲ, ಅಳುವುದಕ್ಕಲ್ಲ, ಮರೆತುಹೋದ ಕೊಡೆಗಾಗಿ. ಹುಡುಕುತ್ತಾನೆ, ಸಿಗುತ್ತದೆ, ಎದೆಗಪ್ಪಿಕೊಂಡು ಹೋಗುತ್ತಾನೆ. ಆ ಊರಿನಲ್ಲಿ ಅಂದು ತನ್ನ ಪ್ರೀತಿಯದನ್ನು ಪಡೆದವರು ಲೀಸ್ ಮತ್ತು ಕೊಲಾಸ್ ಇಬ್ಬರೇ ಅಲ್ಲ, ಮೂರನೆಯವನೂ ಇದ್ದಾನೆ. ಜೋನಥನ್ ಹೌವೆಲ್ಸ್ ಈ ಪಾತ್ರವನ್ನು ಮಾಡುವಾಗ ಪೆದ್ದುತನವನ್ನು ಪ್ರದರ್ಶನಕ್ಕೆ ಇಡುವುದಿಲ್ಲ. ಆ ಹುಡುಗನ ಕೊಡೆಯ ಮೇಲಿನ ನಿಷ್ಠೆಯನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ನಗೆ ಮುಗಿದ ಮೇಲೆ ಆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬ ನಮ್ಮ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಕೊನೆಯ ಚಪ್ಪಾಳೆಯ ಮುಂಚಿನ ಕ್ಷಣ, ನಾಟಕಕಾರನೊಬ್ಬನು ನಾಯಕನಿಗಾಗಿ ಕಾದಿರಿಸುವ ಕ್ಷಣ, ಅವನಿಗೆ ಸಂದಿದೆ.

ದೋಷಗಳಿಲ್ಲವೆ? ಇವೆ. ಕಥೆ ಹುಟ್ಟಿದ 1789ರ ಬೇಸಗೆಯಲ್ಲಿ ಫ್ರಾನ್ಸಿನ ಬಡವರಿಗೆ ರೊಟ್ಟಿಯ ಬೆಲೆ ಕೈಗೆ ಎಟುಕುತ್ತಿರಲಿಲ್ಲ. ಈ ಹೊಲದಲ್ಲಿ ಆಳುಗಳು ಕೂಲಿಯ ಮಾತೆತ್ತುವುದಿಲ್ಲ. ಗುಡುಗು ಮಳೆಗೆ ಒಂದು ತೆನೆಯೂ ಕೊಳೆಯುವುದಿಲ್ಲ. ಗದ್ದೆಯ ಕೆಸರು ತುಳಿದವರಿಗೆ ಇದು ಸ್ವಲ್ಪ ಹೆಚ್ಚೇ ಚೊಕ್ಕಟವೆನಿಸುತ್ತದೆ. ಕೊಲಾಸನ ಪಾತ್ರಕ್ಕೆ ಜಿಗಿತಗಳಿವೆ, ಗುಣವಿಶೇಷಗಳು ಕಡಿಮೆ. ಅಕೋಸ್ಟಾನಂಥ ನರ್ತಕ ತನ್ನ ಮುಖದ ಬೆಳಕಿನಿಂದ ಆ ಕೊರತೆಯನ್ನು ತುಂಬಬೇಕಾಗಿದೆ. ಇನ್ನು ಚಿತ್ರೀಕರಣದ ಮಾತು. ಬ್ಯಾಲೆಯನ್ನು ರಂಗದಲ್ಲಿ ನೋಡುವವನು ತನಗೆ ಬೇಕಾದತ್ತ ಕಣ್ಣು ಹಾಯಿಸುತ್ತಾನೆ. ಚಿತ್ರದಲ್ಲಿ ಕ್ಯಾಮೆರಾ ತೋರಿಸಿದ್ದನ್ನಷ್ಟೇ ನೋಡಬೇಕು. ಮುಖ ಹತ್ತಿರ ಬಂದಾಗಲೆಲ್ಲ ಪಾದ ಮರೆಯಾಗುತ್ತದೆ. ರಿಬ್ಬನ್ನುಗಳ ವಿನ್ಯಾಸ ಪೂರ್ತಿ ರಂಗವನ್ನು ಬೇಡುತ್ತದೆ, ಸಿಮೋನಳ ಹುಬ್ಬು ಹತ್ತಿರದ ನೋಟವನ್ನು ಬೇಡುತ್ತದೆ. ಎರಡನ್ನೂ ಒಟ್ಟಿಗೆ ಕೊಡುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದರೆ ಲಂಡನ್ನಿನ ಆ ಸಭೆಯ ನಗೆ ಚಿತ್ರದೊಳಗೇ ಉಳಿದಿದೆ. ನಾವು ನೆರೂಳದ ಕ್ವಾರ್ಟರ್ಸಿನಲ್ಲಿ ಕುಳಿತು ನಕ್ಕಾಗ ಅದು ನಮ್ಮ ನಗೆಯೊಡನೆ ಕೂಡಿಕೊಂಡಿತು.

ಮಾತಿಲ್ಲದ ನೃತ್ಯಕಥನ ನಮಗೆ ಅಪರಿಚಿತವಲ್ಲ. ಉದಯಶಂಕರರ ಅಲ್ಮೋಡಾ ಕೇಂದ್ರದಲ್ಲಿ ದುಡಿದ ಶಾಂತಿ ಬರ್ಧನ್ 1952ರಲ್ಲಿ ಲಿಟ್ಲ್ ಬ್ಯಾಲೆ ಟ್ರೂಪ್ ಕಟ್ಟಿದ್ದು ಇದೇ ಮುಂಬಯಿಯಲ್ಲಿ. ಕಲಾವಿದರು ಗೊಂಬೆಗಳಂತೆ ಚಲಿಸುವ ಅವರ ರಾಮಾಯಣ ದೇಶವಿದೇಶಗಳಲ್ಲಿ ಹೆಸರಾಯಿತು. ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು ಹಾಡು, ಕುಣಿತ, ಅಭಿನಯಗಳ ಮೇಲೆಯೇ ಪ್ರಸಂಗವನ್ನು ನಿಲ್ಲಿಸಲು ಯತ್ನಿಸಿದರು. ಅರ್ಥಗಾರಿಕೆ ಹೋದರೆ ಯಕ್ಷಗಾನದಲ್ಲಿ ಉಳಿಯುವುದೇನು ಎಂದು ಆಗ ಆಕ್ಷೇಪಿಸಿದವರಿದ್ದರು. ಊರಿನಲ್ಲಿ ಆ ಆಕ್ಷೇಪಕ್ಕೆ ಬಲವಿತ್ತು. ಆದರೆ ಮಾತು ಅರ್ಧಕ್ಕೆ ನಿಂತಿರುವ ನಮ್ಮ ಹೊರನಾಡ ಮನೆಗಳಿಗೆ ಕಾರಂತರ ದಾರಿಯಿಂದ ಉಪಯೋಗವಾದೀತು. ಕನ್ನಡ ಕಲಿಸುವ ಕೆಲಸವನ್ನು ಕುಣಿತ ಮಾಡಲಾರದು. ಅದಕ್ಕೆ ತರಗತಿಗಳೇ ಬೇಕು, ಮನೆಮಾತೇ ಬೇಕು. ಅಜ್ಜಿ ಮತ್ತು ಮೊಮ್ಮಗಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಸಲ ನಗುವಂತೆ ಮಾಡುವ ಕೆಲಸವನ್ನು ಮಾತ್ರ ಅದು ಮಾಡಬಲ್ಲದು. ಕೂಡಿ ನಕ್ಕವರು ಆಮೇಲೆ ಕೂಡಿ ಮಾತನಾಡುತ್ತಾರೆ. ಚಿತ್ರ ಮುಗಿದ ಮೇಲೆ ನಮ್ಮ ಮಗಳು ಅಜ್ಜಿಯನ್ನು ‘ಸ್ತ್ರೀವೇಷ ಅಂದರೇನು, ಹಾಸ್ಯಗಾರ ಅಂದರೆ ಯಾರು’ ಎಂದು ಕೇಳಿದಳು. ಉತ್ತರ ಊಟದ ಹೊತ್ತಿನವರೆಗೂ ಮುಂದುವರಿಯಿತು, ಕನ್ನಡದಲ್ಲಿಯೇ.

ಸಂಘಗಳ ಸಾಂಸ್ಕೃತಿಕ ಸಮಿತಿಯವರಲ್ಲಿ ನಮ್ಮದೊಂದು ಸೂಚನೆ. ಮುಂದಿನ ವಾರ್ಷಿಕೋತ್ಸವಕ್ಕೆ ಹಾಸ್ಯದ ಕಾರ್ಯಕ್ರಮವನ್ನು ಆರಿಸುವಾಗ, ಅದರಲ್ಲಿ ನಗೆಗೆ ಗುರಿಯಾಗುವವನಿಗೆ ಕೊನೆಯಲ್ಲಿ ಏನು ಸಿಗುತ್ತದೆಂದು ಒಮ್ಮೆ ವಿಚಾರಿಸಿರಿ. ಏನೂ ಸಿಗುವುದಿಲ್ಲವಾದರೆ, ಬರೆದವರನ್ನು ಕರೆದು ಒಂದು ಕೊಡೆಯನ್ನಾದರೂ ಕೊಡಿಸಲು ಹೇಳಿರಿ. ಇನ್ನು ವಾಚಕರಲ್ಲಿ ವಿನಂತಿ ಇಷ್ಟೇ: ಈ ಬ್ಯಾಲೆಯ ದಾಖಲೆ ಕೈಗೆ ಸಿಕ್ಕರೆ ಒಂದು ಸಂಜೆ ಬಿಡುವು ಮಾಡಿಕೊಂಡು ಮನೆಮಂದಿಯೆಲ್ಲ ಕೂತು ನೋಡಿರಿ. ಮಕ್ಕಳಿಗೆ ಮೊದಲೇ ಕಥೆ ಹೇಳಬೇಕಾಗಿಲ್ಲ. ಎಲ್ಲರೂ ಹೊರಟುಹೋದರೆಂದು ಅವಸರಪಟ್ಟು ಚಿತ್ರವನ್ನು ನಿಲ್ಲಿಸಬೇಡಿರಿ. ಕಿಟಕಿಯ ಕಡೆ ಸ್ವಲ್ಪ ಗಮನವಿರಲಿ.